ಮಡಿಯಲ್ಲಿ ಜೇನು ತೆಗೆದ ಏಕಾದಶಿ

ಎಂಟು ವರ್ಷ ಜೇನು ಸಾಕಿದವನಿಗೆ ಜೇನು ಕಚ್ಚಿದರೆ ಜೀವ ಹೋಗುವಂಥ ಕಾಯಿಲೆ ಬಂದಿದೆ ಎಂದರೆ ಮಾನ್ವಿಯಲ್ಲಿ ಜನ ಮೊದಲು ನಗುತ್ತಾರೆ. ಆಮೇಲೆ ‘ಹೌದೇನ್ರಿ?’ ಅನ್ನುತ್ತಾರೆ. ಆಮೇಲೆ ಅವರ ಸೋದರಮಾವನಿಗೆ ಜೇನು ಕಚ್ಚಿದ ಕಥೆ ಶುರುವಾಗುತ್ತದೆ. ಸುಣ್ಣ ಹಚ್ಚಿದ್ದು, ಅರಿಶಿನ ಹಚ್ಚಿದ್ದು, ಎರಡು ದಿನ ಮುಖ ಬಾತುಕೊಂಡು ಕಣ್ಣು ಕಾಣದೇ ಹೋದದ್ದು. ನಾನು ತಲೆಯಾಡಿಸುತ್ತೇನೆ. ನನ್ನದು ಮುಖ ಬಾತುಕೊಳ್ಳುವ ಕಥೆಯಲ್ಲ ಎಂದು ವಿವರಿಸುವುದನ್ನು ಬಿಟ್ಟಿದ್ದೇನೆ. ಇದೇ ಕಾಯಿಲೆಯನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿರುವ ಇನ್ನೊಬ್ಬ ಜೇನು ಸಾಕುವವನು ಎಲ್ಲಾದರೂ ಇದ್ದರೆ, ಇದು ಅವನಿಗಾಗಿ. ಇದ್ದೇ ಇರುತ್ತಾನೆ. ಮುಚ್ಚಿಡುವುದರಲ್ಲಿ ನಾವು ಗಟ್ಟಿಗರು.

ನನ್ನ ಹೆಸರು ಪ್ರಾಣೇಶ. ಮನೆಯಲ್ಲೇ ಮಕ್ಕಳಿಗೆ ಗಣಿತದ ಪಾಠ ಹೇಳುತ್ತೇನೆ. ಹೆಂಡತಿ ವನಜಾ ದೇವದುರ್ಗದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆಗೆ. ಮನೆಯಲ್ಲಿ ಹಗಲೆಲ್ಲ ನಾನು ಮತ್ತು ಅವ್ವ. ಅವ್ವನಿಗೆ ಎಪ್ಪತ್ನಾಲ್ಕು. ಪೂಜೆ ನಾನು ಮಾಡಿದರೂ ಆಡಳಿತ ಅವಳದು. ಮಡಿಯುಟ್ಟು ಒಲೆಯ ಮುಂದೆ ಕೂತಳೆಂದರೆ ನೈವೇದ್ಯ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ.

ಜೇನುಪೆಟ್ಟಿಗೆ ಹದಿನಾಲ್ಕಿದ್ದವು. ಎರಡು ನಮ್ಮ ಹಿತ್ತಲಲ್ಲಿ, ಉಳಿದವು ದೇವದುರ್ಗದ ಕಡೆ ಮಸರಕಲ್‌ನಲ್ಲಿ, ಬೀರಪ್ಪನ ಹೊಲದಲ್ಲಿ. ಬೀರಪ್ಪನದು ಕುರಿ ಸಾಕುವ ಮನೆತನ. ಅದರ ಜೊತೆ ತೊಗರಿ, ಸೂರ್ಯಕಾಂತಿ ಬೆಳೆಯುತ್ತಾನೆ. ನನ್ನ ಹುಳಗಳಿಂದ ಅವನ ಬೆಳೆಗೆ ಕಾಳು ಕಟ್ಟುತ್ತದೆ, ಅವನ ಹೂವಿನಿಂದ ನನಗೆ ಜೇನು. ಈ ಲೆಕ್ಕದ ಮೇಲೆ ಶುರುವಾದ ಸ್ನೇಹ. ಈ ಎಂಟು ವರ್ಷದಲ್ಲಿ ಎಷ್ಟು ಸಲ ಕಚ್ಚಿಸಿಕೊಂಡೆನೋ ನೆನಪಿಲ್ಲ. ಕಚ್ಚಿ ಕಚ್ಚಿ ಮೈ ಪಳಗುತ್ತದೆ ಎಂಬ ಮಾತು ನಮ್ಮವರಲ್ಲಿ ಇದೆ. ನಾನೂ ಅದನ್ನು ಹತ್ತು ಜನರಿಗೆ ಹೇಳಿದ್ದೇನೆ, ತಜ್ಞನ ಹಾಗೆ.

ಮೊದಲ ಸೂಚನೆ ಮಾರ್ಗಶಿರದಲ್ಲಿ, ತೊಗರಿ ಹೂವಿನಲ್ಲಿದ್ದಾಗ ಬಂತು. ಮಸರಕಲ್‌ನಲ್ಲಿ ಮುಖದ ಪರದೆ ಕಟ್ಟಿಕೊಳ್ಳುವ ಮೊದಲೇ ಒಂದು ಹುಳ ಕಿವಿಯ ಹಿಂದೆ ಚುಚ್ಚಿತು. ಒಂದೇ ಒಂದು. ಕಿತ್ತುಬಂದ ಮುಳ್ಳಿನ ಜೊತೆ ವಿಷದ ಚೀಲವೂ ಅಂಟಿಕೊಂಡು ಮಿಡಿಯುತ್ತಲೇ ಇರುತ್ತದೆ, ಹಾಗಾಗಿ ತಡಮಾಡದೆ ಉಗುರಿನಿಂದ ಕೆರೆದು ಹಾಕಬೇಕು. ಹಾಕಿದೆ. ಐದು ನಿಮಿಷಕ್ಕೆ ಅಂಗೈ ತುರಿಸತೊಡಗಿತು, ಆಮೇಲೆ ಬೂಟಿನೊಳಗೆ ಅಂಗಾಲು, ಆಮೇಲೆ ಹೊಟ್ಟೆ. ಅಂಗಿ ಎತ್ತಿ ನೋಡಿದರೆ ರೊಟ್ಟಿಯ ಮೇಲಿನ ಗುಳ್ಳೆಗಳಂತೆ ದದ್ದು ಎದ್ದಿದ್ದವು. ಅಂಗಿ ಇಳಿಸಿ ಬೇವಿನ ಗಿಡದ ಕೆಳಗೆ ಕೂತೆ.

ಬೀರಪ್ಪ ದೂರದಿಂದಲೇ ನೋಡಿ ಬಂದ. ‘ಆಚಾರ್ರೇ, ಯಾಕ ಕುಂತ್ರಿ? ಮಕ ಕೆಂಪಗಾಗ್ಯಾದಲ್ರಿ.’

‘ಏನಿಲ್ಲೋ ಬೀರಪ್ಪಾ. ಹೊಟ್ಟಿ ಯಾಕೋ ಸರಿ ಇಲ್ಲ.’

‘ಹೊಟ್ಟಿ ಸರಿ ಇಲ್ಲಂದ್ರ ಮಕ ಯಾಕ ಕೆಂಪಗಾಗ್ತದ? ದವಾಖಾನಿಗೆ ತೋರಸ್ರಿ. ನಮ್ಮ ಕುರಿ ಒಂದು ಹೊತ್ತು ಮೇವು ಬಿಟ್ರ ಸಂಜಿಕ ಡಾಕ್ಟರ್‍ನ ಕರಸ್ತೀನಿ ನಾನು.’

‘ನಾನೇನು ಕುರಿಯೇನೋ?’

‘ಕುರಿ ಆಗಿದ್ರ ಚಲೋ ಇತ್ತು ಬಿಡ್ರಿ. ಕುರಿ ಸುಳ್ಳು ಹೇಳಂಗಿಲ್ಲ.’

ಅರ್ಧ ತಾಸಿಗೆ ಮುಖದ ಕೆಂಪು ಇಳಿಯಿತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಜೇನು ಬಿಡು ಅನ್ನುತ್ತಾರೆ ಎಂಬುದು ಮೇಲಿನ ಕಾರಣ. ಒಳಗಿನ ಕಾರಣ ಇನ್ನೂ ಸಣ್ಣದು: ಜೇನು ಸಾಕುವವನಿಗೇ ಜೇನು ಆಗಿಬರುವುದಿಲ್ಲ ಅಂದರೆ ನಾಚಿಕೆ.

ಇನ್ನು ಅವ್ವನ ವಿಷಯ. ಈ ಎಂಟು ವರ್ಷದಲ್ಲಿ ನನ್ನ ಜೇನು ಒಂದು ಹನಿಯೂ ದೇವರ ಪಂಚಾಮೃತಕ್ಕೆ ಹೋಗಿರಲಿಲ್ಲ. ಜೇನಿಗೆ ಮೈಲಿಗೆ ಇಲ್ಲ ಎಂದು ಹಿರಿಯರೇ ಹೇಳಿದ್ದಾರೆ ಎಂದು ವಾದ ಮಾಡಿ ನೋಡಿದೆ. ‘ಜೇನಿಗೆ ಇಲ್ಲಪ್ಪ. ನಿನ್ನ ತೊಗಲಿನ ಗ್ಲೌಸಿಗೆ ಅದಲ್ಲ. ಅದನ್ನ ಹಾಕ್ಕೊಂಡು ತಗದದ್ದು ದೇವರ ತಲಿಮ್ಯಾಲೆ ಹ್ಯಾಂಗ ಹಾಕೋದು?’ ಅಂದಳು. ಅಭಿಷೇಕಕ್ಕೆ ಅಂಗಡಿಯಿಂದ ಬಾಟಲಿ ಜೇನು ಬರುತ್ತಿತ್ತು. ಅದನ್ನು ಯಾರು ಯಾವ ಗ್ಲೌಸು ಹಾಕಿಕೊಂಡು ತೆಗೆದರೋ, ಅವ್ವ ನೋಡಿರಲಿಲ್ಲ. ನೋಡದ್ದಕ್ಕೆ ಮೈಲಿಗೆ ಇಲ್ಲ. ಇದು ನನ್ನನ್ನು ಎಷ್ಟು ಚುಚ್ಚುತ್ತಿತ್ತೆಂದು ಹೊರಗೆ ತೋರಿಸಿಕೊಂಡವನಲ್ಲ.

ಮಾಘದ ಏಕಾದಶಿ ಭಾನುವಾರ ಬಂತು. ವನಜಾ ಮನೆಯಲ್ಲಿದ್ದಳು. ಮರುದಿನ ದ್ವಾದಶಿ, ಬೆಳಗಿನ ಜಾವವೇ ಅಭಿಷೇಕ ಆಗಬೇಕು, ಅಂಗಡಿಯ ಬಾಟಲಿ ಖಾಲಿ. ಹಿತ್ತಲ ಪೆಟ್ಟಿಗೆಯಲ್ಲಿ ಎರಡು ಎರಿ, ಜೇನಿನ ತಟ್ಟಿಗಳು, ಬಿಗಿದು ತುಂಬಿದ್ದವು. ಮಡಿಯಲ್ಲೇ ತೆಗೆದರೆ ಅವ್ವ ಏನೂ ಅನ್ನುವಂತಿಲ್ಲವಲ್ಲ ಎಂದು ಹೊಳೆಯಿತು. ಕೆಟ್ಟ ಯೋಚನೆ ಬರುವಾಗ ಒಳ್ಳೆಯ ಯೋಚನೆಯ ಹಾಗೇ ಬರುತ್ತದೆ.

ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟೆ. ಬರಿಮೈ, ಎದೆಯ ಮೇಲೆ, ತೋಳಿನ ಮೇಲೆ ಗೋಪೀಚಂದನದ ಮುದ್ರೆ. ಗ್ಲೌಸು ತೊಗಲಿನದು, ಬಿಟ್ಟೆ. ಮುಖದ ಪರದೆಯನ್ನು ಮಸರಕಲ್‌ನಲ್ಲಿ ಎಲ್ಲರೂ ಹಾಕಿಕೊಳ್ಳುತ್ತಾರೆ, ಅದನ್ನೂ ಬಿಟ್ಟೆ. ಹೊಗೆ ಹಾಕುವ ಡಬ್ಬಿ ಕುರಿಹಟ್ಟಿಯಲ್ಲಿ ಇಟ್ಟು ತಂದದ್ದು, ಅದರ ಬದಲು ಹಿತ್ತಾಳೆಯ ಧೂಪಾರತಿಯಲ್ಲಿ ಸಗಣಿ ಕುಳ್ಳಿನ ಕೆಂಡ ಹಾಕಿ ಮೇಲೆ ಸಾಂಬ್ರಾಣಿ ಉದುರಿಸಿದೆ. ಜೇನಿನ ಹತ್ತಿರ ಗಂಧ, ಸೆಂಟು, ಘಾಟು ವಾಸನೆ ಯಾವುದೂ ಇರಬಾರದು ಎಂದು ಊರಿಗೆಲ್ಲ ಪಾಠ ಹೇಳಿದವನು ನಾನೇ. ಹಿಂದಿನ ದಿನದಿಂದ ನೀರು ಸಹ ಮುಟ್ಟಿರಲಿಲ್ಲ. ಹಸಿದ ಬಾಯಿಯ ಉಸಿರು ಬೇರೆ. ಹುಳಗಳಿಗೆ ಏಕಾದಶಿ ಗೊತ್ತಿಲ್ಲ.

ಮಣಿಕಟ್ಟಿಗೆ ಎರಡು, ಹೆಗಲಿಗೆ ಒಂದು, ಎದೆಗೆ ಒಂದು. ಕಚ್ಚಿದ ಜಾಗದಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ. ಉಳಿದ ಹುಳಗಳಿಗೆ ಅದೇ ಕರೆ. ಆ ವಾಸನೆ ಬಂದಕೂಡಲೆ ಪೆಟ್ಟಿಗೆ ಮುಚ್ಚಿ, ಕೈ ಬೀಸದೆ, ನಿಧಾನಕ್ಕೆ ದೂರ ಹೋಗಬೇಕು. ಎರಿ ಹಿಂಡುತ್ತಿದ್ದ ಬಟ್ಟಲು ಅರ್ಧ ತುಂಬಿತ್ತು. ಪೂರ್ತಿ ತುಂಬುವವರೆಗೆ ನಿಂತೆ.

ಬಟ್ಟಲು ಒಯ್ದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟಾಗ ಅವ್ವ ಅದನ್ನೂ ನನ್ನನ್ನೂ ನೋಡಿದಳು. ‘ಮಡಿಲೇ ತಗದ್ಯಾ?’ ಅಂದಳು. ಹೌದು ಅಂದೆ. ಅವಳ ಮುಖ ಅರಳಿತು, ಅದನ್ನು ಇಲ್ಲ ಅನ್ನಲಾರೆ. ನನಗೂ ಸಂತೋಷವಾಯಿತು. ಆ ಸಂತೋಷದಲ್ಲೇ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ.

‘ಪಿತ್ತ ಏರೇದ,’ ಅಂದಳು ಅವ್ವ. ‘ಬಾಯಾಗ ಹನಿ ನೀರಿಲ್ಲ, ಬಿಸಲಾಗ ನಿಂತ್ರ ಮತ್ತೇನಾಗ್ತದ?’

‘ಹೌದು, ಪಿತ್ತ,’ ಅಂದೆ ನಾನೂ. ‘ಏನಿಲ್ಲ.’

ಏಕಾದಶಿ ದಿನ ನಮ್ಮ ಮನೆಯಲ್ಲಿ ಒಬ್ಬರಿಗೆ ತಲೆ ತಿರುಗುವುದು ಹೊಸ ಸಂಗತಿಯಲ್ಲ. ಮುದ್ರೆಗಳ ನಡುವೆ ದದ್ದು ಏಳತೊಡಗಿದಾಗಲೂ ಅವ್ವ, ‘ನೋಡು, ಪಿತ್ತದ ಗಂಧಿ ಎದ್ದಾವ’ ಅಂದಳು. ಎಲ್ಲವೂ ಪಿತ್ತಕ್ಕೆ ಸರಿಹೊಂದುತ್ತಿತ್ತು. ಹೊಂದದೇ ಇದ್ದದ್ದು ನನ್ನ ದನಿ. ಅದನ್ನು ವನಜಾ ಹಿಡಿದಳು.

‘ರೀ, ಇನ್ನೊಮ್ಮೆ ಮಾತಾಡ್ರಿ. ಅತ್ತಿ, ಇವರ ದನಿ ಕೇಳ್ರಿ, ಕೊಡದಾಗಿಂದ ಬಂದಂಗ ಬರ್ಲಿಕ್ಕತ್ತದ. ಪಿತ್ತಕ್ಕ ಗಂಟಲ ಕಟ್ಟತದೇನು?’ ಉತ್ತರಕ್ಕೆ ಕಾಯದೆ ಬೀದಿಗೆ ಓಡಿ ಆಟೋ ನಿಲ್ಲಿಸಿದಳು.

ಆಟೋದಲ್ಲಿ ನಡೆದದ್ದರಲ್ಲಿ ನನಗೆ ನೆನಪಿರುವುದು ಎರಡೇ. ಒಂದು, ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಇನ್ನೊಂದು, ವನಜಾ ಡ್ರೈವರನಿಗೆ ‘ಅಣ್ಣಾ, ಹಾರ್ನ್ ಬಿಡಬ್ಯಾಡ, ಒತ್ತೇ ಇಡು’ ಅನ್ನುತ್ತಿದ್ದದ್ದು. ಊರಿನ ಸಣ್ಣ ಆಸ್ಪತ್ರೆಯ ಡಾಕ್ಟರು ಒಂದು ಸಲ ನೋಡಿದರು, ಏನೂ ಕೇಳಲಿಲ್ಲ, ಒದ್ದೆ ಪಂಚೆಯ ಮೇಲಿಂದಲೇ ತೊಡೆಗೆ ಸೂಜಿ ಚುಚ್ಚಿದರು. ಅದು ಅಡ್ರಿನಾಲಿನ್ ಎಂದು ಆಮೇಲೆ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟಿತು, ಕೈಕಾಲು ನಡುಗಿದವು, ಗಂಟಲು ಬಿಟ್ಟಿತು. ಇಳಿದದ್ದು ಮತ್ತೆ ಏರಬಹುದು, ಒಂದು ದಿನ ಕಣ್ಣಳತೆಯಲ್ಲಿ ಇರಬೇಕು ಎಂದು ರಾಯಚೂರಿಗೆ ಕಳಿಸಿದರು. ಅವ್ವ ಉಟ್ಟ ಮಡಿಸೀರೆಯಲ್ಲೇ ಆಂಬುಲೆನ್ಸ್ ಹತ್ತಿದಳು.

ರಾಯಚೂರಿನ ಆಸ್ಪತ್ರೆಯಲ್ಲಿ ನನಗೆ ಹಾಸಿಗೆ ಸಿಕ್ಕಿತು, ಅವ್ವನಿಗೆ ಹೊರಗಿನ ಬೆಂಚು. ಅಲ್ಲಿ ನಡೆದದ್ದನ್ನು ವನಜಾ ಹೇಳಿದಳು. ಚಂದ್ರಬಂಡದಿಂದ ಗಂಡನ ಕಾಲುಮುರಿತಕ್ಕೆ ಬಂದಿದ್ದ ಹೆಂಗಸೊಬ್ಬಳು ಎದ್ದು ಅವ್ವನಿಗೆ ಜಾಗ ಕೊಟ್ಟು, ಗಂಡನ ಎಕ್ಸ್‌ರೇ ಕವರಿನಿಂದ ಗಾಳಿ ಬೀಸುತ್ತ ನಿಂತಳಂತೆ. ‘ಯವ್ವಾ, ಒಂದು ಗುಟುಕು ನೀರರ ಕುಡೀಬೇ,’ ಅಂದಳಂತೆ.

‘ಇವತ್ತ ಏಕಾದಶಿವಾ. ನೀರು ಸೈತ ಇಲ್ಲ.’

‘ದ್ಯಾವ್ರು ನೋಡ್ಯಾನ ತಗಾ. ನೀ ಇಲ್ಲೇ ಬಿದ್ರ ಇನ್ನೊಂದು ಬೆಡ್ ಎಲ್ಲಿಂದ ತರಾಣು?’

ಅವ್ವ ನಕ್ಕಳಂತೆ, ನೀರು ಮಾತ್ರ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ ಪಾರಣೆಗೆ ಅದೇ ಹೆಂಗಸು ಎರಡು ಬಾಳೆಹಣ್ಣು ತಂದುಕೊಟ್ಟಳು. ಹೆಸರು ಕೇಳಬೇಕಿತ್ತು. ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ನನಗೆ ಇದ್ದ ಚಿಂತೆ ಬೇರೆ. ಸಲೈನ್ ಏರಿಸಿದ್ದರು. ‘ಅವ್ವಾ, ನರದಾಗ ನೀರು ಹೊಂಟದ. ಉಪವಾಸ ಕೆಟ್ಟಂಗೇನು?’ ಎಂದು ಕೇಳಿದೆ. ಅವಳು ಬಾಟಲಿಯನ್ನು ಒಂದು ಗಳಿಗೆ ನೋಡಿ, ‘ಬಾಯಿಲೆ ಹೋಗಿಲ್ಲಲ್ಲ. ಸುಮ್ಮನ ಮಲಕೋ,’ ಅಂದಳು. ಆ ತೀರ್ಪು ಔಷಧಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿತು.

ಮರುದಿನ ಮಧ್ಯಾಹ್ನ ಸಣ್ಣ ವಯಸ್ಸಿನ ಲೇಡಿ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಕುರ್ಚಿ ಎಳೆದುಕೊಂಡು ಕೂತ ಡಾಕ್ಟರನ್ನು ಕಂಡರೆ ಹೆದರಬೇಕು ಎಂದು ಅವತ್ತು ಕಲಿತೆ. ‘ಹಿಂದ ಯಾವಾಗರ ಹಿಂಗ ಆಗಿತ್ತೇನ್ರಿ?’

‘ಇಲ್ರಿ. ಇದೇ ಮೊದಲು.’

ವನಜಾ ನನ್ನನ್ನು ನೋಡಲಿಲ್ಲ, ಡಾಕ್ಟರಿಗೇ ಹೇಳಿದಳು. ‘ಮಾರ್ಗಶಿರದಾಗ ಒಂದಿನ ಹೊಲದಿಂದ ಬಂದವರು ಅಂಗಿ ಬಿಚ್ಚದ ಮಲಗಿದ್ರು ಡಾಕ್ಟ್ರೇ. ಬೆಳತನ ಮೈ ಕೆರಕೊಂಡಾರ. ಕೇಳಿದ್ರ ಏನಿಲ್ಲ ಅಂದ್ರು.’

ಗಂಡಸರು ಮುಚ್ಚಿಟ್ಟದ್ದೆಲ್ಲ ಮುಚ್ಚಿಯೇ ಇರುತ್ತದೆ ಎಂದು ತಿಳಿದುಕೊಳ್ಳುತ್ತೇವೆ. ಡಾಕ್ಟರು ಬರೆದುಕೊಂಡರು. ಮೈ ಪಳಗುವುದು ಎಲ್ಲರಿಗೂ ಅಲ್ಲ, ಕೆಲವರ ಮೈ ಒಂದು ದಿನ ತಿರುಗಿಬೀಳುತ್ತದೆ, ತಿರುಗಿಬಿದ್ದ ಮೇಲೆ ಒಂದೇ ಹುಳ ಸಾಕು ಅಂದರು. ನಿಧಾನಕ್ಕೆ ಒಗ್ಗಿಸುವ ಚಿಕಿತ್ಸೆ ದೂರದ ದೊಡ್ಡ ಊರುಗಳಲ್ಲಿ ಇರಬಹುದು, ವರ್ಷಗಟ್ಟಲೆ ಹಿಡಿಯುತ್ತದೆ. ಸದ್ಯಕ್ಕೆ ಜೇನಿನಿಂದ ದೂರ ಇರಬೇಕು, ಇಂಜೆಕ್ಷನ್ ಹತ್ತಿರ ಇರಬೇಕು. ‘ಹಗಲ ಹೊತ್ತು ಮನಿಯಾಗ ಯಾರಿರ್ತಾರ?’

ವನಜಾ ಅವ್ವನನ್ನು ನೋಡಿದಳು. ನಾನೂ ನೋಡಿದೆ. ಡಾಕ್ಟರೂ ಆ ಕಡೆ ತಿರುಗಿ, ‘ಅಜ್ಜಿ, ಸೂಜಿ ಚುಚ್ಚಲಿಕ್ಕೆ ಬರ್ತದೇನು?’ ಅಂದರು.

‘ಹೂಬತ್ತಿ ಹೊಸೀತೀನಿ. ಹೂ ಕಟ್ಟತೀನಿ. ಇದೂ ಕಲೀತೀನಿ,’ ಅಂದಳು ಅವ್ವ.

ಕಲಿಯುವುದು ಅಷ್ಟು ಸಲೀಸಾಗಲಿಲ್ಲ. ನರ್ಸು ಅವಧಿ ಮೀರಿದ ಔಷಧಿಯ ನಾಲ್ಕು ಗಾಜಿನ ಬುಡ್ಡಿ ಕೊಟ್ಟಿದ್ದಳು, ಕತ್ತು ಮುರಿದು ಸಿರಿಂಜಿಗೆ ಎಳೆಯುವ ಅಭ್ಯಾಸಕ್ಕೆ. ಮೊದಲನೆಯದು ಅವ್ವನ ಬೆರಳು ಕುಯ್ಯಿತು. ಎರಡನೆಯದಕ್ಕೆ ಸೆರಗು ಸುತ್ತಿ ಹಿಡಿದಳು. ಡಾಕ್ಟರು ಸಿರಿಂಜಿನ ಮೇಲೆ ಕೆಂಪು ಪೆನ್ನಿನಲ್ಲಿ ಹಾಕಿಕೊಟ್ಟ ಗೆರೆಯವರೆಗೆ ನೀರು ಎಳೆದು ಬದನೆಕಾಯಿಗೆ ಚುಚ್ಚುತ್ತಿದ್ದಳು. ವಾರಕ್ಕೆ ಎರಡು ಸಲ. ಆ ಬದನೆಕಾಯಿ ಆಮೇಲೆ ಬೀದಿಯ ಆಕಳಿಗೆ. ಮಡಿಯಲ್ಲಿದ್ದಾಗ ಸೂಜಿ ಮುಟ್ಟುವುದು ಹೇಗೆ ಎಂದು ನಾನು ಕೇಳಲಿಲ್ಲ, ಅವಳೇ ಒಂದು ದಿನ ಹೇಳಿದಳು: ‘ಮತ್ತೊಮ್ಮೆ ಸ್ನಾನ ಮಾಡಿದ್ರಾತು. ನೀರೇನು ತುಟ್ಟಿ ಅಲ್ಲ.’

ಔಷಧಿ ತಂಪಾದ ಜಾಗದಲ್ಲಿ ಇರಬೇಕಿತ್ತು. ರಾಯಚೂರು ಸೀಮೆಯ ಬಿಸಿಲಲ್ಲಿ ತಂಪಾದ ಜಾಗ ಎಲ್ಲಿ ಅಂತ ಹುಡುಕುವುದು! ನಮ್ಮ ಮನೆಯಲ್ಲಿ ದಪ್ಪ ಗೋಡೆಯ, ಕಿಟಕಿ ಇಲ್ಲದ ಕೋಣೆ ಒಂದೇ, ದೇವರದು. ಅವ್ವ ಸ್ಟೀಲ್ ಡಬ್ಬಿಯನ್ನು ತಾನೇ ಒಯ್ದು ಸಾಲಿಗ್ರಾಮದ ಸಂಪುಟದ ಪಕ್ಕದ ಗೂಡಿನಲ್ಲಿ ಇಟ್ಟಳು. ನನ್ನ ಜೇನಿಗೆ ಎಂಟು ವರ್ಷ ಸಿಗದ ಜಾಗ ಅದು.

ಹಿತ್ತಲ ಎರಡು ಪೆಟ್ಟಿಗೆಗಳನ್ನು ಬೀರಪ್ಪ ಒಂದು ಸಂಜೆ ಗೋಣಿಚೀಲ ಸುತ್ತಿ ಒಯ್ದ. ಇನ್ನು ಎಲ್ಲ ಅವನೇ ನೋಡಿಕೊಳ್ಳುವುದು, ನಾನು ಮಸರಕಲ್ ಕಡೆ ಕಾಲಿಡುವುದಿಲ್ಲ ಎಂದು ಅವ್ವನಿಗೂ ವನಜಾಗೂ ಮಾತು ಕೊಟ್ಟೆ. ಖಾಲಿ ಹಿತ್ತಲಲ್ಲಿ ಮುಂಜಾನೆ ನಿಂತರೆ ಕಿವಿಯೇ ಹೋದಂತೆ ಅನ್ನಿಸುತ್ತಿತ್ತು. ಹೀಗೆ ಎರಡು ತಿಂಗಳು.

ಚೈತ್ರದಲ್ಲಿ ಒಂದು ದಿನ ಮಾತು ಮುರಿದೆ. ವನಜಾ ಆ ದಿನ ಶಾಲೆಯ ಕೆಲಸದ ಮೇಲೆ ರಾಯಚೂರಿಗೆ ಹೋಗುವವಳಿದ್ದಳು, ದೇವದುರ್ಗದ ಬಸ್ಸಿನಲ್ಲಿ ಎದುರಾಗುವ ಭಯವಿರಲಿಲ್ಲ. ದೇವದುರ್ಗದಲ್ಲಿ ಒಬ್ಬರನ್ನು ನೋಡುವುದಿದೆ ಎಂದು ಹೇಳಿ ಮೊದಲ ಬಸ್ಸಿಗೆ ಮಸರಕಲ್‌ಗೆ ಹೋದೆ. ನಲವತ್ತು ಹೆಜ್ಜೆ ದೂರ ನಿಂತು ನೋಡಿದೆ, ಅಷ್ಟೇ. ಬೀರಪ್ಪ ಬೈದ. ಬೈದು, ಹಳೆಯ ಎರಿಯ ಒಂದು ತುಂಡನ್ನು ಕೊಡವಿ ಕಾಗದದಲ್ಲಿ ಸುತ್ತಿಕೊಟ್ಟ. ‘ವಾಸನಿ ನೋಡ್ಕೋತ ಮನ್ಯಾಗ ಕುಂಡ್ರಿ. ಇಲ್ಲಿಗೆ ಬರಬ್ಯಾಡ್ರಿ,’ ಅಂದ.

ಹನ್ನೊಂದಕ್ಕೆ ಮನೆ ಸೇರಿದೆ. ಅವ್ವ ಮಡಿಯಲ್ಲಿ ಅಡುಗೆಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಕೂತು ಚೀಲದೊಳಗೆ ಕೈ ಹಾಕಿದೆ. ಎರಿಯ ಜೊತೆ ಒಂದು ಹುಳ ಬಸ್ಸಿನಲ್ಲಿ ಬಂದಿತ್ತು. ಬೆರಳಿಗೆ ಚುಚ್ಚಿತು.

ಮುಳ್ಳು ಕೆರೆದು ಹಾಕಿ ಚೀಲದ ಬಾಯಿ ಕಟ್ಟಿದೆ. ನನಗೆ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಡಬ್ಬಿ ಇತ್ತು, ಅದನ್ನು ಕಲಿತವಳೂ ಇದ್ದಳು. ಆದರೆ ಕಚ್ಚಿತು ಅಂದರೆ ಎಲ್ಲಿ ಹೋಗಿದ್ದೆ ಎಂಬುದೂ ಬರುತ್ತದೆ. ಸ್ವಲ್ಪ ನೋಡೋಣ, ಈ ಸಲ ಹಾಗೆ ಆಗದೇ ಇರಬಹುದು ಅಂದುಕೊಂಡೆ. ನಲವತ್ತೊಂಬತ್ತು ವರ್ಷದ ಮನುಷ್ಯ, ಸುಳ್ಳು ಸಿಕ್ಕಿಬೀಳುತ್ತದೆಂದು ಸಾಯಲು ತಯಾರಾಗಿ ಕೂತಿದ್ದೆ.

ಅವ್ವ ಬಾಗಿಲಿಗೆ ಬಂದಳು. ‘ಬಂದ್ಯಾ? ದೇವದುರ್ಗದ ಕೆಲಸ ಆತೇನು?’

‘ಆತು.’

‘ಮಾರಿ ಯಾಕ ಹಂಗಾಗೇದ?’

‘ಏನಿಲ್ಲ. ಬಿಸಲು.’

ಅವಳು ನನ್ನ ಕೈ ನೋಡಿದಳು. ಅಂಗೈಯನ್ನು ತೊಡೆಗೆ ಉಜ್ಜುತ್ತಿದ್ದೆ, ನನಗೇ ಗೊತ್ತಿರಲಿಲ್ಲ. ಒಳಗೆ ಹೋದಳು. ಒಲೆಯ ಹತ್ತಿರ ಹೋದಳು ಅಂದುಕೊಂಡೆ. ಗಾಜು ಟಕ್ಕೆಂದ ಸದ್ದು ಕೇಳಿತು. ತಿರುಗಿ ಬಂದಾಗ ಕೈಯಲ್ಲಿ ಸಿರಿಂಜಿತ್ತು.

‘ಬಿಸಲಿಗೆ ಅಂಗೈ ತುರಸ್ತದೇನೋ?’ ಅಂದಳು. ನಾನು ಬೇಡ ಎಂದು ಕೈ ಎತ್ತಿದೆ, ಮಾತು ಬರಲಿಲ್ಲ. ಎತ್ತಿದ ಕೈಯನ್ನು ಮೊಣಕಾಲಿನಿಂದ ಒತ್ತಿಹಿಡಿದು, ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿ, ಕಲಿಸಿಕೊಟ್ಟ ಹಾಗೆ ಹತ್ತು ಎಣಿಸಿ ಸೂಜಿ ತೆಗೆದಳು. ಆಮೇಲೆ ನನ್ನನ್ನು ನೆಲಕ್ಕೆ ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಬೀದಿಗೆ ಕೇಳುವಂತೆ ಕೂಗಿದಳು. ಅವ್ವನ ದನಿ ಅಷ್ಟು ದೊಡ್ಡದೆಂದು ನಮ್ಮ ಓಣಿಗೆ ಅವತ್ತೇ ಗೊತ್ತಾದದ್ದು.

ಊರಿನ ಸಣ್ಣ ಆಸ್ಪತ್ರೆಯಲ್ಲಿ, ಏಕಾದಶಿಯಂದು ಸೂಜಿ ಚುಚ್ಚಿದ ಡಾಕ್ಟರೇ ಇದ್ದರು. ನಾಡಿ ನೋಡಿ, ಎದೆ ನೋಡಿ, ‘ಮನ್ಯಾಗ ಇಂಜೆಕ್ಷನ್ ಯಾರು ಕೊಟ್ರು?’ ಅಂದರು. ನೆರೆಯವರು ಅವ್ವನನ್ನು ತೋರಿಸಿದರು. ಡಾಕ್ಟರಿಗೆ ನಂಬಿಕೆ ಬರಲಿಲ್ಲ. ‘ಅಜ್ಜಿ, ಕೈ ನಡಗಲಿಲ್ಲೇನು?’

‘ನಡಗಿತು. ನಡಗಕೋತನ ಕೊಟ್ಟೆ,’ ಅಂದಳು.

ಎಲ್ಲರೂ ಹೋದ ಮೇಲೆ ಅವಳು ಹಾಸಿಗೆಯ ಅಂಚಿಗೆ ಕೂತಳು. ಮಡಿಸೀರೆಗೆ ಆಟೋದ ಧೂಳು ಹತ್ತಿತ್ತು. ಮನೆಯಲ್ಲಿ ಒಲೆ ಆರಿಸಿದ್ದಳೋ ಇಲ್ಲವೋ, ನೈವೇದ್ಯ ಅಂತೂ ಆಗಿರಲಿಲ್ಲ. ನಾನು ಮಸರಕಲ್‌ಗೆ ಹೋಗಿದ್ದೆ ಎಂದು ಹೇಳಿದೆ. ‘ಗೊತ್ತು,’ ಅಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಈಗ ಹೇಗಿದೆ, ಏನಾದರೂ ಆಗುತ್ತಿದೆಯಾ ಎಂದು ಕೇಳಿದಳು. ಎಂದಿನ ಉತ್ತರ ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು.

‘ಅವ್ವಾ, ನನಗ ಅಂಜಿಕಿ ಆಗೇದ. ಮಾರ್ಗಶಿರದಿಂದ ಅಂಜಿಕಿ ಆಗೇದ.’

ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೆ ತಿಳಿವಳಿಕೆ ಬಂದ ಮೇಲೆ ಅವಳು ಅತ್ತದ್ದು ನೋಡಿರಲಿಲ್ಲ. ನಾನೂ ಅತ್ತೆ.

‘ಇಷ್ಟು ಹೇಳಲಿಕ್ಕ ಎರಡು ಸಲ ಸಾಯಬೇಕಾತೇನೋ ನಿನಗ?’ ಅಂದಳು.